25 ಮೀಟರ್ ದೂರದ ನಂಬರ್ ಪ್ಲೇಟ್

2024ರ ಆಗಸ್ಟ್‌ನಲ್ಲಿ ನನಗೆ 50 ತುಂಬಿತು. ಮಗಳು ಬೆಂಗಳೂರಿನಿಂದ ಕೇಕ್ ತಂದಿದ್ದಳು. ಹೊರಗೆ ಮಳೆ ಜಡಿಯುತ್ತಿತ್ತು, ಕರೆಂಟ್ ಹೋಗಿತ್ತು. ಎರಡು ಮೇಣದ ಬತ್ತಿ ಕೇಕಿಗೆ, ಎರಡು ಊಟದ ಟೇಬಲ್ಲಿಗೆ. ನಮ್ಮ ಮನೆಯವರು "ಹಾಫ್ ಸೆಂಚುರಿ ಆಯ್ತು, ಇನ್ನು ನಿಧಾನಕ್ಕೆ ಆಡು" ಅಂತ ಮೂರು ದಿನದಿಂದ ರೆಡಿ ಮಾಡಿಟ್ಟಿದ್ದ ಜೋಕು ಹೊಡೆದರು. ನಾವೆಲ್ಲ ನಕ್ಕೆವು. ಅದೇ ರಾತ್ರಿ, ನಾವು ಕೇಕ್ ತಿನ್ನುತ್ತಿದ್ದ ಹೊತ್ತಿನಲ್ಲಿ, ಮೂಲೆಯ ಮೊಳೆಗೆ ನೇತುಹಾಕಿದ್ದ ನನ್ನ ಬ್ಯಾಗಿನೊಳಗೆ ನನ್ನ ಡ್ರೈವಿಂಗ್ ಲೈಸೆನ್ಸ್ ಸದ್ದಿಲ್ಲದೆ ಪ್ರಾಣ ಬಿಟ್ಟಿತು. ಆ ಸಾವಿನ ಸುದ್ದಿ ನನಗೆ ತಲುಪಿದ್ದು ನಾಲ್ಕು ತಿಂಗಳು ಕಳೆದ ಮೇಲೆ, ಕಾರು ಚರಂಡಿಗೆ ಮೂತಿ ಇಟ್ಟು ನಿಂತ ಮೇಲೆ.

ಡಿಸೆಂಬರಿನ ಒಂದು ಭಾನುವಾರ. ತವರುಮನೆಗೆ ಹೊರಟಿದ್ದೆ. ಬಣಕಲ್ ದಾಟಿ, ಇನ್ನೇನು ಕೊಟ್ಟಿಗೆಹಾರ ಬಂತು ಅನ್ನುವಾಗ ಒಳಗೆ ತಿರುಗುವ ದಾರಿ ನಮ್ಮದು. ಬೆಳಿಗ್ಗೆ ಎಂಟೂವರೆ ಆಗಿದ್ದರೂ ಮಂಜು ಕರಗಿರಲಿಲ್ಲ. ತಿರುವಿನಲ್ಲಿ ಒಂದು ಟೂರಿಸ್ಟ್ ಗಾಡಿ ನೇರ ನನ್ನ ಸೈಡಿಗೇ ಬಂತು. ನಾನು ಎಡಕ್ಕೆ ಎಳೆದೆ. ಎಡಕ್ಕೆ ರಸ್ತೆ ಇರಲಿಲ್ಲ. ಆ ಗಾಡಿಯವರು ನಿಲ್ಲಿಸಲೂ ಇಲ್ಲ. ಪಾಪ, ಕೊಟ್ಟಿಗೆಹಾರದ ನೀರುದೋಸೆ ತಣ್ಣಗಾಗುತ್ತಲ್ಲ. ಕೆಲಸಕ್ಕೆ ಹೊರಟಿದ್ದ ತೋಟದ ಆಳುಗಳು ಪಿಕಪ್‌ನಿಂದ ಇಳಿದು, ಹಗ್ಗ ಕಟ್ಟಿ, ಎಳೆದು ಕೊಟ್ಟರು. ನನಗೆ ಒಂದು ತರಚು ಗಾಯವೂ ಇಲ್ಲ. ಕಾರಿಗೆ ಮಾತ್ರ ಬಂಪರ್, ರೇಡಿಯೇಟರ್, ಒಂದು ಲೈಟು ಸೇರಿ 41,000 ರೂಪಾಯಿ.

ಇನ್ಶೂರೆನ್ಸ್ ಇದೆಯಲ್ಲ ಅಂತ ನಿಶ್ಚಿಂತೆಯಿಂದ ಇದ್ದೆ. ಕಂಪನಿಯಿಂದ ಫೋನ್ ಬಂತು. "ಮೇಡಂ, ಡಿಎಲ್ ಫೋಟೊ ಕಳ್ಸಿ." ಕಳಿಸಿದೆ. ಹತ್ತು ನಿಮಿಷಕ್ಕೆ ಮತ್ತೆ ಫೋನ್. "ಮೇಡಂ, ಇದು ಎಕ್ಸ್‌ಪೈರ್ ಆಗಿದೆ. ಬೇರೆ ಇದ್ರೆ ಕಳ್ಸಿ." ಬೇರೆ ಎಲ್ಲಿಂದ ತರಲಿ? ಲೈಸೆನ್ಸ್ ಏನು ಸೀರೆಯಾ, ಒಂದು ಹಳತಾದರೆ ಬೀರುವಿನಿಂದ ಇನ್ನೊಂದು ತೆಗೆಯೋಕೆ?

ದುಡ್ಡು ಹೋಯಿತು, ಅದರ ಬಗ್ಗೆ ಜಾಸ್ತಿ ಅಳಲ್ಲ. ತಪ್ಪು ನನ್ನದೇ. ಆದರೆ ಒಂದು ಪ್ರಶ್ನೆ ಮಾತ್ರ ಅವತ್ತಿನಿಂದ ಬಿಡುತ್ತಿಲ್ಲ. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಸತ್ತ ಲೈಸೆನ್ಸ್ ಇಟ್ಟುಕೊಂಡು ನಾನು ಎಷ್ಟು ಸಲ ಓಡಿಸಿದ್ದೆ! ಗಣಪತಿ ಹಬ್ಬಕ್ಕೆ ತವರಿಗೆ ಹೋಗಿ ಬಂದೆ. ನೆಂಟರನ್ನು ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋದೆ, ಕೈಮರ ಚೆಕ್‌ಪೋಸ್ಟ್ ದಾಟಿಯೇ. ಒಮ್ಮೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೂ ಹೋಗಿ ಬಂದೆ. ಆ ನಾಲ್ಕು ತಿಂಗಳು ನಾನು ಬೇರೆ ಥರ ಓಡಿಸಿದ್ದೆನಾ? 49 ವರ್ಷ 364 ದಿನದ ನನಗೂ, ಕೇಕ್ ಕತ್ತರಿಸಿದ ಮಾರನೇ ದಿನದ ನನಗೂ ಸ್ಟಿಯರಿಂಗ್ ಮೇಲೆ ಏನು ವ್ಯತ್ಯಾಸ?

ಯಾವುದು ಮೊದಲೋ ಅದು

ನನ್ನ ತಲೆಯಲ್ಲಿದ್ದ ಲೆಕ್ಕ ಸುಲಭದ್ದು. ಲೈಸೆನ್ಸ್ ಮಾಡಿಸಿದ್ದು 2006ರಲ್ಲಿ, ನನಗಾಗ 32. ಲೈಸೆನ್ಸ್ ಅಂದರೆ 20 ವರ್ಷ ಅಂತ ಎಲ್ಲರೂ ಹೇಳುತ್ತಿದ್ದರು. ಅಂದರೆ 2026. ಅಲ್ಲಿವರೆಗೆ ಯೋಚನೆ ಇಲ್ಲ. ಎಲ್ಲರೂ ಹೇಳದೆ ಬಿಟ್ಟಿದ್ದು ಉಳಿದರ್ಧ ವಾಕ್ಯ. 1988ರ ಮೋಟಾರು ವಾಹನ ಕಾಯ್ದೆಯ ಹಳೆಯ ಲೆಕ್ಕದಲ್ಲಿ ಸ್ವಂತ ಗಾಡಿ ಓಡಿಸುವವರಿಗೆ 20 ವರ್ಷ, ಇಲ್ಲವೇ 50 ವರ್ಷ ತುಂಬುವವರೆಗೆ, ಎರಡರಲ್ಲಿ ಯಾವುದು ಮೊದಲೋ ಅದು. ಇಪ್ಪತ್ತಕ್ಕಿಂತ ಮೊದಲು ನನಗೆ ಐವತ್ತು ಬಂತು. ಕಾರ್ಡಿನ ಮೇಲೆ ಸರಿಯಾಗಿಯೇ ಅಚ್ಚಾಗಿತ್ತು. 18 ವರ್ಷ ಅದನ್ನು ಬ್ಯಾಗಿನಲ್ಲಿ ಹೊತ್ತು ತಿರುಗಿದೆ, ಬ್ಯಾಂಕಿಗೆ ಜೆರಾಕ್ಸ್ ಕೊಟ್ಟೆ, ಸಿಮ್ ತಗೊಳ್ಳೋಕೆ ಕೊಟ್ಟೆ. ಓದಲಿಲ್ಲ. ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿನ ದಿನಾಂಕ ಕನ್ನಡಕ ಹಾಕಿಕೊಂಡು ನೋಡುವವಳು ನಾನು.

ನೆನಪಿಸುವವರೂ ಇರಲಿಲ್ಲ. ಮೊಬೈಲ್ ರೀಚಾರ್ಜ್ ಮುಗಿಯೋಕೆ ಮೂರು ದಿನ ಇರುವಾಗಲೇ ಮೆಸೇಜಿನ ಮೇಲೆ ಮೆಸೇಜು. ಲೈಸೆನ್ಸಿಗೆ 2006ರಲ್ಲಿ ನಾನು ಬರೆದುಕೊಟ್ಟಿದ್ದು ಮನೆಯ ಲ್ಯಾಂಡ್‌ಲೈನ್ ನಂಬರು. ಆ ಫೋನು ಸತ್ತು ಹತ್ತು ವರ್ಷದ ಮೇಲಾಯಿತು. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ಮಾತ್ರ ತೆಗೆಯುತ್ತಾರೆ, ಆದರೂ ಆ ದಿನ ಇಡೀ ಸೀಮೆಗೇ ಗೊತ್ತಿರುತ್ತದೆ. ಇಪ್ಪತ್ತು ವರ್ಷಕ್ಕೊಮ್ಮೆ ಬರುವ ದಿನವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅಷ್ಟು ಉದ್ದದ ಅವಧಿ ಕೊಟ್ಟರೆ ಅದು ಅವಧಿ ಅಂತಲೇ ಅನ್ನಿಸಲ್ಲ. ಆಸ್ತಿ ಪತ್ರದ ಹಾಗೆ ಟ್ರಂಕಿಗೆ ಸೇರಿಬಿಡುತ್ತದೆ.

ಈಗ ಲೆಕ್ಕ ಬದಲಾಗಿದೆ, ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. 2019ರ ತಿದ್ದುಪಡಿ ಆದ ಮೇಲೆ, 30 ತುಂಬುವ ಮೊದಲು ಮಾಡಿಸಿದರೆ ಲೈಸೆನ್ಸ್ 40 ತುಂಬುವವರೆಗೆ ನಡೆಯುತ್ತದೆ. 30ರಿಂದ 50ರ ಒಳಗೆ ಮಾಡಿಸಿದರೆ ಅಥವಾ ರಿನ್ಯೂ ಮಾಡಿಸಿದರೆ 10 ವರ್ಷ. 50 ತುಂಬಿ 55 ತುಂಬದವರಿಗೆ 60ರವರೆಗೆ. 55 ದಾಟಿದ ಮೇಲೆ ಐದೈದು ವರ್ಷ. ಹಾಗಾಗಿ ಹದಿನೆಂಟು ತುಂಬಿದ ದಿನವೇ ಓಡಿಹೋಗಿ ಮಾಡಿಸಿಕೊಂಡ ನನ್ನ ಅಣ್ಣನ ಮಗನಿಗೆ ಹತ್ತಿರ ಹತ್ತಿರ 22 ವರ್ಷ ಸಿಕ್ಕಿದೆ. ಅವನು ಓಡಿಸುವುದನ್ನು ನೋಡಿದರೆ 22 ದಿನವೂ ಜಾಸ್ತಿ. ಅತ್ತ 54 ವರ್ಷ 11 ತಿಂಗಳಿಗೆ ಹೋದವರಿಗೆ ಐದು ವರ್ಷ ಒಂದು ತಿಂಗಳು.

ಇನ್ನೊಂದು ಸಂಗತಿ ನನಗೆ ಗೊತ್ತೇ ಇರಲಿಲ್ಲ. ಮೊದಲು ದಿನಾಂಕ ಮುಗಿದ ಮೇಲೂ 30 ದಿನ ಲೈಸೆನ್ಸ್ ನಡೆಯುತ್ತಿತ್ತು. 2019ರಲ್ಲಿ ಆ ಸಾಲನ್ನೇ ತೆಗೆದುಹಾಕಿದ್ದಾರೆ. ಮುಗಿಯುವ ಒಂದು ವರ್ಷ ಮುಂಚೆಯೇ ರಿನ್ಯೂವಲ್‌ಗೆ ಹಾಕಬಹುದು. ಆದರೆ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಟ್ಟು ಪಾಸಾಗಬೇಕು. ಮೊದಲು ಇದಕ್ಕೆ ಐದು ವರ್ಷ ಟೈಮ್ ಇತ್ತು. ನನ್ನದು ನಾಲ್ಕೇ ತಿಂಗಳಾಗಿದ್ದರಿಂದ ಐವತ್ತನೇ ವಯಸ್ಸಿನಲ್ಲಿ ಸ್ಕೂಟರಿನಲ್ಲಿ ಎಂಟು ಹಾಕುವುದು ತಪ್ಪಿತು.

ಚಿಕ್ಕಪ್ಪನ ಮಗ ವಕೀಲ. ಅವನಿಗೆ ಫೋನ್ ಮಾಡಿ 41,000ದ ಕಥೆ ಹೇಳಿಕೊಂಡೆ. ಅವನು ನಗಲಿಲ್ಲ. "ಅಕ್ಕಾ, ಚರಂಡಿಗೆ ಬಿದ್ದಿದ್ದೇ ಪುಣ್ಯ ಅಂದ್ಕೋ. ಯಾರಿಗಾದ್ರೂ ಗುದ್ದಿದ್ರೆ?" ಅಂದ. ಸುಪ್ರೀಂ ಕೋರ್ಟಿನ 2004ರ ಸ್ವರಣ್ ಸಿಂಗ್ ಪ್ರಕರಣದ ಬಗ್ಗೆ ಹೇಳಿದ. ಲೈಸೆನ್ಸ್ ಸರಿ ಇಲ್ಲದಿದ್ದರೂ ಗಾಯಗೊಂಡವರನ್ನು ಬರಿಗೈಲಿ ಕಳಿಸುವ ಹಾಗಿಲ್ಲ. ಕಂಪನಿ ಮೊದಲು ಅವರಿಗೆ ಪರಿಹಾರ ಕೊಟ್ಟು, ಆಮೇಲೆ ಗಾಡಿ ಓನರ್ ಹತ್ತಿರ ವಸೂಲಿ ಮಾಡಿಕೊಳ್ಳಬಹುದು. ಓನರ್ ಅಂದರೆ ನಾನು. ಹಗ್ಗ ಹಿಡಿದು ಎಳೆದುಕೊಟ್ಟ ಆ ಆಳುಗಳು ಎರಡು ನಿಮಿಷ ಮುಂಚೆ ಅದೇ ತಿರುವಿನಲ್ಲಿ ನಡೆದು ಬಂದಿದ್ದರೆ ಅಂತ ಯೋಚಿಸಿ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಜೀಪಣ್ಣನ ಮೂರು ವರ್ಷ

ನಾನು ಗಾಡಿ ಕಲಿತದ್ದು 2006ರಲ್ಲಲ್ಲ. ಅದು ಕಾಗದಕ್ಕೆ ಕಲಿತದ್ದು. ಎರಡು ಕ್ಲಚ್ಚಿನ ಸ್ಕೂಲ್ ಕಾರು, ಬ್ರೇಕ್ ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತು "ಹೋಗಿ... ರಿವರ್ಸ್ ಬನ್ನಿ... ಸಾಕು ಇಳೀರಿ" ಅಂದದ್ದು, ಇಷ್ಟೇ ನೆನಪು. ನಿಜವಾಗಿ ಕಲಿತದ್ದು ಹೈಸ್ಕೂಲಿನಲ್ಲಿದ್ದಾಗ, ತೋಟದೊಳಗೆ, ಜೀಪಿನಲ್ಲಿ. ಮಲೆನಾಡಿನ ತೋಟದ ಮನೆಗಳ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲು ಕ್ಲಚ್ಚಿಗೆ ಎಟುಕಿದ ದಿನವೇ ಶುರು. ಅದು ಸರಿ ಅಂತ ಹೇಳುತ್ತಿಲ್ಲ. ಇದ್ದದ್ದು ಹಾಗೆ.

ಕಲಿಸಿದವರು ನಮ್ಮ ತೋಟದ ಡ್ರೈವರ್. ಅವರ ಹೆಸರು ಬೇರೆಯೇ ಇತ್ತು, ನಾವು ಮಕ್ಕಳು ಜೀಪಣ್ಣ ಅಂತ ಕರೆಯುತ್ತಿದ್ದೆವು, ಆಮೇಲೆ ಆಳುಗಳ ಮನೆಸಾಲಿನ, ಇಡೀ ಲೈನಿನವರೇ ಹಾಗೆ ಕರೆಯತೊಡಗಿದರು. ಜೀಪು ಓಡಿಸುವವರೂ ಅವರೇ, ಕಾಫಿ ಮೂಟೆಗಳನ್ನು ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಸಾಗಿಸುವ ಲಾರಿ ಓಡಿಸುವವರೂ ಅವರೇ. ನಮ್ಮನೆಯಿಂದ ಹಳ್ಳದವರೆಗೆ ಒಂದು ಕಡಿದಾದ ಇಳಿಜಾರು ಇದೆ. ಮಳೆಗಾಲದಲ್ಲಿ ಕೆಂಪು ಮಣ್ಣು ಸೋಪಿನ ಹಾಗೆ ಜಾರುತ್ತದೆ. ಮೊದಲನೇ ಸಲ ಅಲ್ಲಿ ಇಳಿಸುವಾಗ ಹೆದರಿಕೆಗೆ ಕ್ಲಚ್ ತುಳಿದುಬಿಟ್ಟೆ. ಜೀಪು ಕುದುರೆ ಹಾಗೆ ಓಡಿತು. ಜೀಪಣ್ಣ ಕೂಗಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಬೀಡಿ ಹಚ್ಚಿ, ಮುಕ್ಕಾಲು ಬೀಡಿ ಮುಗಿಯುವವರೆಗೆ ಸುಮ್ನೆ ಕೂತರು. ಆಮೇಲೆ ಹೇಳಿದರು. "ಪುಟ್ಟಮ್ಮಾ, ಹತ್ತೋಕೆ ಯಾವ ಗೇರು ಬೇಕೋ ಇಳಿಯೋಕೂ ಅದೇ ಗೇರು. ಕ್ಲಚ್ ತುಳಿದ್ರೆ ಗಾಡಿ ನಿಮ್ಮ ಮಾತು ಕೇಳಲ್ಲ, ಗುಡ್ಡದ ಮಾತು ಕೇಳ್ತದೆ." ಚಾರ್ಮಾಡಿಯಲ್ಲಿ ಬ್ರೇಕ್ ಕಾದು ಸುಟ್ಟ ವಾಸನೆ ಹೊಡೆಸಿಕೊಂಡು ಇಳಿಯುವ ಕಾರುಗಳನ್ನು ಕಂಡಾಗಲೆಲ್ಲ ಈ ಮಾತು ನೆನಪಾಗುತ್ತದೆ.

ಜೀಪಣ್ಣನದು ಟ್ರಾನ್ಸ್‌ಪೋರ್ಟ್ ಲೈಸೆನ್ಸ್. ಅದಕ್ಕೆ ಆಗ ಮೂರೇ ವರ್ಷ. ಮೂರು ವರ್ಷಕ್ಕೊಮ್ಮೆ ಒಂದು ದಿನ ಅವರು ಡ್ರೈವರ್ ಅಲ್ಲ, ಪ್ಯಾಸೆಂಜರ್. ಹಿಂದಿನ ರಾತ್ರಿ ಕೆಂಡದ ಇಸ್ತ್ರಿ ಪೆಟ್ಟಿಗೆಯಲ್ಲಿ ಖಾಕಿ ಅಂಗಿ ಇಸ್ತ್ರಿ ಆಗುತ್ತಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟರೆ ಬರುವುದು ಸಂಜೆಗೆ. ಡಾಕ್ಟರ ಸರ್ಟಿಫಿಕೇಟು, ಫಾರಂ ಬರೆದುಕೊಡುವವರು, ಸಾಲು. ಬರುವಾಗ ನಮಗೆ ಒಂದು ಪೊಟ್ಟಣ ಬೆಣ್ಣೆ ಬಿಸ್ಕತ್ತು. ಅವರ ಲೈಸೆನ್ಸ್ ಅಂದರೆ ನಮಗೆ ಬಿಸ್ಕತ್ತು, ಅವರಿಗೆ ಒಂದು ದಿನದ ಕೂಲಿ ಮತ್ತು ಒಂದು ರಾತ್ರಿಯ ದಿಗಿಲು. ಕಣ್ಣು ಸರಿ ಇಲ್ಲ ಅಂತ ಡಾಕ್ಟರು ಬರೆದುಬಿಟ್ಟರೆ ಅನ್ನ ಹೋಯಿತಲ್ಲ.

ಆಗ ನನಗೆ ಇದು ದೊಡ್ಡ ಅನ್ಯಾಯ ಅನ್ನಿಸುತ್ತಿತ್ತು. ದಿನಾ ಓಡಿಸುವವರಿಗೆ ಮೂರು ವರ್ಷ. ತಿಂಗಳಿಗೆ ಎರಡು ಸಲ ಜೀಪು ಮುಟ್ಟುವ, ಗೇಟು ದಾಟಿದರೆ ಬೆವರುವ ನಮ್ಮಪ್ಪನಿಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಯಾರನ್ನು ಪದೇ ಪದೇ ಕರೆದು ನೋಡಬೇಕಿತ್ತು? ಕಾನೂನಿನ ಉತ್ತರವೂ ಗೊತ್ತು. ದೊಡ್ಡ ಗಾಡಿ, ಬೇರೆಯವರ ಜೀವ, ಅದಕ್ಕೆ ಹೆಚ್ಚು ಎಚ್ಚರ. ಒಪ್ಪಿಕೊಳ್ಳೋಣ. ಆದರೆ 2019ರಲ್ಲಿ ಏನು ಮಾಡಿದರು ನೋಡಿ. ಟ್ರಾನ್ಸ್‌ಪೋರ್ಟ್‌ನವರ 3 ವರ್ಷವನ್ನು 5 ಮಾಡಿದರು. ಗ್ಯಾಸ್, ಪೆಟ್ರೋಲ್‌ನಂಥ ಅಪಾಯದ ಸರಕು ಸಾಗಿಸುವವರಿಗೆ 1 ವರ್ಷ ಇದ್ದದ್ದು 3 ಆಯಿತು. ಹೊಸದಾಗಿ ಮಾಡಿಸುವ ನಮ್ಮಂಥವರ 20ನ್ನು 10ಕ್ಕೆ ಇಳಿಸಿದರು. ಎರಡೂ ಕಡೆಯಿಂದ ಎಳೆದು ಹತ್ತಿರ ತಂದಿದ್ದಾರೆ. ಜೀಪಣ್ಣನ ಲೆಕ್ಕಕ್ಕೆ ಇದು ಒಂಬತ್ತು ವರ್ಷ ತಡ. ಅವರು ಸ್ಟಿಯರಿಂಗ್ ಬಿಟ್ಟದ್ದು 2010ರಲ್ಲಿ.

ಬಿಟ್ಟದ್ದು ಹೇಗೆ ಅನ್ನುವುದನ್ನು ಹೇಳಬೇಕು. ನಮ್ಮ ತೋಟದ ಗೇಟಿಗೆ ಎರಡು ಕಲ್ಲಿನ ಕಂಬ. ಲಾರಿ ನುಗ್ಗಿದರೆ ಎರಡೂ ಕಡೆ ಒಂದೊಂದು ಗೇಣು ಜಾಗ ಉಳಿಯುತ್ತಿತ್ತು. ಮೂವತ್ತು ವರ್ಷಕ್ಕೂ ಮೇಲೆ, ಮಂಜಿರಲಿ ಮಳೆಯಿರಲಿ, ಲೋಡಿರಲಿ ಇಲ್ಲದಿರಲಿ, ಜೀಪಣ್ಣ ಆ ಕಂಬ ಮುಟ್ಟಿದವರಲ್ಲ. ಒಂದು ಸಂಜೆ ಖಾಲಿ ಲಾರಿ ಒಳಗೆ ತರುವಾಗ ಸರ್ರ್ ಅಂತ ಸದ್ದಾಯಿತು. ಎಡಗಡೆ ಕಂಬದ ಮೇಲೆ ಹಸಿರು ಬಣ್ಣದ ಒಂದು ಗೀಟು, ಮೊಳದುದ್ದ. ನಾನು ಬಾಣಂತನ ಮುಗಿಸಿ ಹೊರಟಿದ್ದ ತಂಗಿಯ ಜೊತೆ ಅಲ್ಲೇ ಜಗಲಿಯಲ್ಲಿದ್ದೆ. ಜೀಪಣ್ಣ ಇಳಿದು ಬಂದು ಆ ಗೀಟನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಹೋಗಲಿಲ್ಲ. ಅಪ್ಪ "ಹೋಗ್ಲಿ ಬಿಡೋ, ಕಂಬ ತಾನೆ" ಅಂದರು.

ಮಾರನೇ ದಿನ ಬೆಳಿಗ್ಗೆ ಕೀ ಮೊಳೆಯಲ್ಲೇ ನೇತಾಡುತ್ತಿತ್ತು. ಜೀಪಣ್ಣ ಅಂಗಳದಲ್ಲಿ ನಿಂತಿದ್ದರು, ಖಾಕಿ ಇಲ್ಲ, ಲುಂಗಿ.

"ಅಯ್ಯಾ, ಇನ್ನು ಸಾಕು."

"ಏನಾಯ್ತೋ? ಲೈಸೆನ್ಸ್ ಇನ್ನೂ ಎರಡು ವರ್ಷ ಇದೆಯಲ್ಲೋ?"

"ಕಾರ್ಡಿಗಿದೆ ಅಯ್ಯಾ. ಕಣ್ಣಿಗಿಲ್ಲ."

ಅಪ್ಪ ಒತ್ತಾಯ ಮಾಡಿದರು, ಬೈದರು, ಕೊನೆಗೆ ಸುಮ್ಮನಾದರು. ಜೀಪಣ್ಣನಿಗೆ ಕಾಫಿ ಒಣಹಾಕುವ ಕಣದ ಉಸ್ತುವಾರಿ ಕೊಟ್ಟರು. ಆ ಎರಡು ವರ್ಷ ಲೈಸೆನ್ಸ್ ಅವರ ಜೇಬಿನಲ್ಲೇ ಇತ್ತು. ಒಂದು ದಿನವೂ ಅದನ್ನು ಬಳಸಲಿಲ್ಲ.

ಒಳ್ಳೆಯ ಹಗಲು ಬೆಳಕು

ನನ್ನ ರಿನ್ಯೂವಲ್‌ಗೆ ಬರೋಣ. ಸೈಬರ್ ಸೆಂಟರಿನ ಹುಡುಗ ಸಾರಥಿ ವೆಬ್‌ಸೈಟಿನಲ್ಲಿ ಹಳೇ ನಂಬರ್ ಹಾಕಿದ. ಕೆಎ 18, ಆಮೇಲೆ 2006, ಆಮೇಲೆ ಏಳು ಅಂಕಿ. ಸ್ಕ್ರೀನಿನ ಮೇಲೆ 32 ವರ್ಷದ ನಾನು ಬಂದೆ. ಉದ್ದ ಜಡೆ, ಹಣೆಗೆ ದೊಡ್ಡ ಬೊಟ್ಟು, ಕನ್ನಡಕ ಇಲ್ಲ. ಹುಡುಗ ಫೋಟೊ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೊ ನೋಡಿದ. "ಇದು ನಿಮ್ಮದೇನಾ ಆಂಟಿ?" ಅಂದ. ಬ್ರಿಟನ್‌ನಲ್ಲಿ 70 ವರ್ಷದವರೆಗೆ ಓಡಿಸುವ ಹಕ್ಕಿಗೆ ತೊಂದರೆ ಇಲ್ಲ, ಆದರೆ ಕಾರ್ಡಿನ ಫೋಟೊ ಮಾತ್ರ ಹತ್ತು ವರ್ಷಕ್ಕೊಮ್ಮೆ ಬದಲಾಯಿಸಬೇಕು ಅಂತ ಅಲ್ಲಿರುವ ನಾದಿನಿ ಹೇಳಿದ್ದಳು. ಅವತ್ತು ಅದರ ಅರ್ಥ ಗೊತ್ತಾಯಿತು.

40 ದಾಟಿದವರು ಫಾರಂ 1ಎ ತರಬೇಕು, ಡಾಕ್ಟರ ಸಹಿ ಹಾಕಿಸಿ. ಕ್ಲಿನಿಕ್ಕಿನಲ್ಲಿ ಮೂವತ್ತು ಜನ ಕಾಯುತ್ತಿದ್ದರು, ಅರ್ಧ ಜನಕ್ಕೆ ಕೆಮ್ಮು. ಡಾಕ್ಟರು ಒಳ್ಳೆಯವರೇ, ಟೈಮಿಲ್ಲ ಅಷ್ಟೇ. "ಬಿಪಿ, ಶುಗರ್?" ಇಲ್ಲ ಅಂದೆ. "ಅಲ್ಲಿ ಗೋಡೆ ಮೇಲೆ ಏನು ಬರೆದಿದೆ ಓದಿ." ಗೋಡೆಯ ಮೇಲೆ ಕ್ಯಾಲೆಂಡರ್. ಅದೇ ಕ್ಯಾಲೆಂಡರ್ ನಮ್ಮ ಅಡುಗೆಮನೆಯಲ್ಲೂ ಇದೆ. ಅದರ ಮೇಲಿನ ಅಂಗಡಿ ಹೆಸರು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲೆ. ಹೇಳಿದೆ. ಸಹಿ, ಸೀಲು. ಒಟ್ಟು ಒಂದೂವರೆ ನಿಮಿಷ.

ಮನೆಗೆ ಬಂದು ಕಾಫಿ ಕುಡಿಯುತ್ತಾ ಆ ಫಾರಮ್ಮನ್ನು ಮೊದಲ ಸಲ ಪೂರ್ತಿ ಓದಿದೆ. ಚರಂಡಿಗೆ ಬಿದ್ದ ಮೇಲೆ ಬಂದ ಬುದ್ಧಿ, ಈಗ ಕಂಡ ಕಂಡದ್ದನ್ನೆಲ್ಲ ಓದುತ್ತೇನೆ. ಕೆಂಪು ಹಸಿರು ಬಣ್ಣ ಗುರುತಿಸುತ್ತಾರಾ, ರಾತ್ರಿ ಕುರುಡು ಇದೆಯಾ, ಕಿವುಡು ಇದೆಯಾ ಅಂತೆಲ್ಲ ಇತ್ತು. ಅವುಗಳ ನಡುವೆ ಒಂದು ಪ್ರಶ್ನೆ. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಕಾಣುತ್ತದೆಯೇ? ಡಾಕ್ಟರು ಹೌದು ಅಂತ ಗುರುತು ಹಾಕಿದ್ದರು. ಅವರ ಕ್ಲಿನಿಕ್ ಎಲ್ಲ ಸೇರಿಸಿದರೂ 25 ಮೀಟರ್ ಇಲ್ಲ.

ನನಗೆ ಹಟ ಬಂತು. ಮನೆ ರಿಪೇರಿ ಮಾಡಿದ ಗಾರೆಯವರು ಬಿಟ್ಟುಹೋಗಿದ್ದ ಐದು ಮೀಟರಿನ ಟೇಪು ಹುಡುಕಿದೆ. ಒಂದು ತುದಿ ನನ್ನ ಕೈಲಿ, ಇನ್ನೊಂದು ತುದಿ ಮನೆಯವರ ಕೈಲಿ. ಬೀದಿಯಲ್ಲಿ ಐದು ಸಲ ಅಳೆದೆವು. ಎದುರುಮನೆ ಆಂಟಿ ಕಾಂಪೌಂಡಿನಿಂದ ಇಣುಕಿ "ಸೈಟ್ ಅಳೀತಿದೀರಾ? ಏನಾದ್ರೂ ತಕರಾರಾ?" ಅಂತ ಕೇಳಿದರು. ಅವರದೇ ಮಗನ ಕಾರು ಆ ತುದಿಯಲ್ಲಿ ನಿಂತಿತ್ತು. ಮಧ್ಯಾಹ್ನ ಹನ್ನೆರಡು ಗಂಟೆ, ಜನವರಿಯ ಬಿಸಿಲು. ಕನ್ನಡಕ ಹಾಕಿ ಓದಿದೆ. ಎಲ್ಲಾ ಅಂಕಿ ನೀಟಾಗಿ ಕಂಡವು. ಕನ್ನಡಕ ತೆಗೆದರೆ ಬಿಳಿ ಪಟ್ಟಿ ಮೇಲೆ ಇರುವೆ ಸಾಲು. ನಾನು ಪಾಸ್. ಡಾಕ್ಟರು ಸುಳ್ಳು ಬರೆದಿರಲಿಲ್ಲ.

ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಅದೇ ವರ್ಷ ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ, ಒಂದು ಸಂಜೆ ಆರೂವರೆಗೆ ಹಾಲು ತರಲು ಹೊರಟವಳು ಕಾಲಿನ ಅಂದಾಜಿನಲ್ಲೇ ಅದೇ ಜಾಗಕ್ಕೆ ಬಂದು ನಿಂತೆ. ಕೊಡೆ ಹಿಡಿದು, ಕನ್ನಡಕ ಒರೆಸಿಕೊಂಡು, ಆ ತುದಿಯ ಕಾರನ್ನು ನೋಡಿದೆ. ಅದೇ ಕಾರು, ಅದೇ ನಂಬರು. ನನಗೆ ಬಾಯಿಪಾಠ ಆಗಿದ್ದ ನಂಬರು. ಆದರೂ ಕೊನೆಯ ಅಂಕಿ 3ಓ 8ಓ ಕಾಣುತ್ತಿರಲಿಲ್ಲ. ಬೀದಿ ದೀಪದ ಬೆಳಕು ಹನಿಗಳ ಮೇಲೆ ಒಡೆದು ಕನ್ನಡಕದ ತುಂಬಾ ಹರಡಿತ್ತು. ಒಂದು ಹೆಜ್ಜೆ ಮುಂದೆ ಹೋದೆ, ಇನ್ನೊಂದು ಹೋದೆ. ಎಣಿಸಲಿಲ್ಲ. ಎಣಿಸುವ ಮನಸ್ಸಾಗಲಿಲ್ಲ.

ಫಾರಂ ಕೇಳುವುದು ಒಳ್ಳೆಯ ಹಗಲು ಬೆಳಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣಕಲ್ ರಸ್ತೆಯಲ್ಲಿ ಅಂಥ ಬೆಳಕು ಎಷ್ಟು ದಿನ ಇರುತ್ತದೆ ಅಂತ ಆ ದಾರಿಯಲ್ಲಿ ಓಡಾಡುವವರನ್ನು ಕೇಳಿ. ಮಧ್ಯಾಹ್ನ ಎರಡಕ್ಕೇ ಹೆಡ್‌ಲೈಟ್ ಹಾಕುವ ಊರು ನಮ್ಮದು. ಅಲ್ಲಿ ಬೇಕಾದ ಕಣ್ಣಿಗೂ, ಫಾರಮ್ಮಿನಲ್ಲಿ ಪಾಸಾದ ಕಣ್ಣಿಗೂ ಸಂಬಂಧ ಕಮ್ಮಿ. ಇದನ್ನು ಯಾವ ಕಾನೂನೂ ಊರೂರಿಗೆ ಬರೆಯೋಕೆ ಆಗಲ್ಲ, ಗೊತ್ತು. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಹುಟ್ಟಿದ ದಿನ ಅದಕ್ಕೆ ಸುಲಭ. ಮೊದಮೊದಲು 20 ವರ್ಷವನ್ನು 10 ಮಾಡಿದ್ದಕ್ಕೆ ನನಗೆ ಕೋಪ ಇತ್ತು. ಈಗಿಲ್ಲ. 32ರಿಂದ 50ರವರೆಗಿನ ಹದಿನೆಂಟು ವರ್ಷದಲ್ಲಿ ನನಗೆ ಎರಡು ಸಲ ಕನ್ನಡಕ ಬಂತು, ಒಂದು ಓದಲು, ಇನ್ನೊಂದು ದೂರಕ್ಕೆ. ಅಷ್ಟೂ ವರ್ಷ ನನ್ನ ಲೈಸೆನ್ಸಿಗೆ ಅದು ಗೊತ್ತೇ ಇರಲಿಲ್ಲ. ಹತ್ತೇನು, ಐದಾದರೂ ಸರಿ. ಆದರೆ ಕರೆದ ದಿನ ನಿಜವಾಗಿ ನೋಡಿ ಅನ್ನುವುದು ನನ್ನ ತಕರಾರು. ಕ್ಯಾಲೆಂಡರ್ ಓದಿಸಿ ಕಳಿಸುವುದಾದರೆ ಐದು ವರ್ಷಕ್ಕೊಮ್ಮೆ ಯಾಕೆ, ತಿಂಗಳಿಗೊಮ್ಮೆ ಬೇಕಾದರೂ ಬಂದು ಓದುತ್ತೇನೆ.

2034

ಹೊಸ ಕಾರ್ಡು ಅಂಚೆಯಲ್ಲಿ ಬಂತು. ಈ ಸಲ ಲಕೋಟೆ ಒಡೆದವಳೇ ಮೊದಲು ಹುಡುಕಿದ್ದು ದಿನಾಂಕ. 2034ರ ಆಗಸ್ಟ್. 60 ತುಂಬುವ ದಿನ. ಮಗಳು ತನ್ನ ಫೋನಿನಲ್ಲಿ ರಿಮೈಂಡರ್ ಹಾಕಿಕೊಂಡಿದ್ದಾಳೆ, 2033ರ ಆಗಸ್ಟ್‌ಗೆ, "ಅಮ್ಮನ ಡಿಎಲ್" ಅಂತ. ನಾನು ಜೂನ್‌ನಿಂದ ಈಚೆಗೆ ಮಳೆಯ ಸಂಜೆಗಳಲ್ಲಿ ಮೂಡಿಗೆರೆ ಕಡೆಗೆ ಕಾರು ತೆಗೆಯುವುದನ್ನು ಬಿಟ್ಟಿದ್ದೇನೆ. ಮನೆಯಲ್ಲಿ ಇದನ್ನು ಯಾರಿಗೂ ಘೋಷಣೆ ಮಾಡಿಲ್ಲ. "ಬೆಳಿಗ್ಗೆ ಹೋದರಾಯ್ತು ಬಿಡಿ" ಅನ್ನುತ್ತೇನೆ, ಅಷ್ಟೇ.

ಜೀಪಣ್ಣನಿಗೆ ಈಗ 79. ಬಣಕಲ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ಆದರೂ ತಿಂಗಳಿಗೊಮ್ಮೆ ತೋಟಕ್ಕೆ ಬಂದು ಕಣದ ಕಟ್ಟೆ ಮೇಲೆ ಕೂತು ಹೋಗದಿದ್ದರೆ ಅವರಿಗೆ ಸಮಾಧಾನ ಇಲ್ಲ. ಹೋದ ತಿಂಗಳು ನಾನು ತವರಿನಲ್ಲಿದ್ದಾಗ ಬಂದಿದ್ದರು. ಬಿಪಿ ಮಾತ್ರೆ ಬರೆಸಿಕೊಳ್ಳಲು ಮೂಡಿಗೆರೆ ಆಸ್ಪತ್ರೆಗೆ ಹೋಗಬೇಕಿತ್ತು. ಬಸ್ಸಿಗೆ ಹೊರಟವರನ್ನು ನಾನೇ ನಿಲ್ಲಿಸಿದೆ. ಕಾರು ಹತ್ತಿ, ಸೀಟ್ ಬೆಲ್ಟ್ ಎರಡು ಸಲ ಎಳೆದು ನೋಡಿ ಕೂತರು. ಲೈಸೆನ್ಸಿನ ಕಥೆ ಪೂರ್ತಿ ಹೇಳಿದೆ. ಚರಂಡಿಯ ಭಾಗ ಬಂದಾಗ ಯಾವ ತಿರುವು, ಯಾವ ಕಡೆ, ಗೇರು ಎಷ್ಟರಲ್ಲಿತ್ತು ಅಂತ ಮೂರು ಪ್ರಶ್ನೆ ಕೇಳಿದರು. ಇನ್ಶೂರೆನ್ಸಿನ ಬಗ್ಗೆ ಏನೂ ಕೇಳಲಿಲ್ಲ.

"ಈಗ ಎಷ್ಟು ವರ್ಷಕ್ಕೆ ಕೊಟ್ರು ಪುಟ್ಟಮ್ಮಾ?"

"ಅರವತ್ತರವರೆಗೆ."

"ಓಹೋ" ಅಂದರು.

ಗೇಟಿನ ಹತ್ತಿರ ಬಂದಾಗ ಇಬ್ಬರೂ ಎಡಗಡೆ ಕಂಬ ನೋಡಿದೆವು. ಹದಿನೈದು ಮಳೆಗಾಲ ಕಳೆದರೂ ಹಸಿರು ಗೀಟು ಪೂರ್ತಿ ಹೋಗಿಲ್ಲ. ಅದರ ಮೇಲೆ ಪಾಚಿ ಬೆಳೆದು, ಯಾವುದು ಬಣ್ಣ ಯಾವುದು ಪಾಚಿ ಅಂತ ಗೊತ್ತಿದ್ದವರಿಗಷ್ಟೇ ಗೊತ್ತು. ಗೇಟು ದಾಟಿದ ಮೇಲೆ ಹಳ್ಳದ ಇಳಿಜಾರು. ಈಗ ಅದಕ್ಕೆ ಕಾಂಕ್ರೀಟ್ ಆಗಿದೆ, ಆದರೂ ಕಡಿದು ಕಡಿದೇ. ನಾನು ಮಾತಾಡುತ್ತಾ ಥರ್ಡ್ ಗೇರಿನಲ್ಲೇ ಇದ್ದೆ. ಜೀಪಣ್ಣ ಏನೂ ಹೇಳಲಿಲ್ಲ. ಅವರ ಕಣ್ಣು ಮಾತ್ರ ರಸ್ತೆ ಬಿಟ್ಟು ಕೆಳಗೆ, ನನ್ನ ಎಡಗೈ ಇರುವ ಕಡೆಗೆ ಬಂತು. ನಾನು ಸೆಕೆಂಡಿಗೆ ಇಳಿಸಿದೆ. ಇಂಜಿನ್ ಒಂದು ಸಲ ಗುರ್ ಅಂದು ಗಾಡಿಯನ್ನು ಹಿಡಿದುಕೊಂಡಿತು. ಅವರು ಕಿಟಕಿಯ ಗಾಜು ಇಳಿಸಿ ಹೊರಗೆ ತೋಟ ನೋಡತೊಡಗಿದರು.